ಬೀದರಿನ ಪರಸೋ

ಶನಿವಾರ ಬೆಳಿಗ್ಗೆ ದುಂಡಪ್ಪ ಬಾಗಿಲು ತೆರೆದರೆ ಹಿಡಿಕೆಗೆ ಆ ದರಿದ್ರ ಹಲಗೆ ನೇತಾಡುತ್ತಿತ್ತು. ಅದರ ಮೇಲೆ ದಪ್ಪಕ್ಷರದಲ್ಲಿ ‘ಕೇರ್‌ವೋಖೆ’ ಎಂದು ಬರೆದಿತ್ತು. ಮೆಟ್ಟಿಲುಗಳನ್ನೆಲ್ಲ ಗುಡಿಸಿ ಒರೆಸುವ ಪಾಳಿ ಈ ವಾರ ನಿಮ್ಮದು ಎಂದು ಅದರ ಅರ್ಥ. ಎದುರು ಮನೆಯ ಮುದುಕಿ ಫ್ರೌ ಹೆಲ್ವಿಗ್ ತನ್ನ ವಾರ ಮುಗಿಯುತ್ತಿದ್ದಂತೆ ಅದನ್ನು ತಂದು ಇವರ ಬಾಗಿಲಿಗೆ ಸಿಕ್ಕಿಸಿ ಸದ್ದಿಲ್ಲದೆ ಒಳಗೆ ಸರಿದುಬಿಡುತ್ತಿದ್ದಳು. ಜರ್ಮನಿಯ ಕಾರ್ಲ್ಸ್‌ರುಹೆಗೆ ಬಂದು ಎರಡು ವರ್ಷ ದಾಟಿದ್ದರೂ ಆ ಹಲಗೆ ಕಂಡಾಗಲೆಲ್ಲ ದುಂಡಪ್ಪನಿಗೆ ಶಾಲೆಯಲ್ಲಿ ಮಾಸ್ತರರು ಹೆಸರು ಹಿಡಿದು ಕರೆದಂತಾಗುತ್ತಿತ್ತು.

ಅವನು ದಣಿದಿದ್ದ. ನಿದ್ದೆ ಮಾಡಿದರೆ ಹೋಗುವ ದಣಿವಲ್ಲ ಅದು. ವಾರವೆಲ್ಲ ಕಾರಿನ ಬ್ರೇಕಿನ ಸಾಫ್ಟ್‌ವೇರ್ ಪರೀಕ್ಷಿಸುವುದು ಅವನ ಕೆಲಸ. ಬ್ರೇಕು ಹಿಡಿಯಿತೇ, ಹಿಡಿಯಲಿಲ್ಲವೇ, ಮಳೆಯಲ್ಲಿ ಹಿಡಿಯಿತೇ, ಹಿಮದಲ್ಲಿ ಹಿಡಿಯಿತೇ ಎಂದು ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು ನೋಡುವುದು. ಗ್ರೀನ್ ಕಾರ್ಡು ಕೊಟ್ಟು ಕರೆಸಿಕೊಂಡ ದೇಶ ಪಾಸ್‌ಪೋರ್ಟಿನಲ್ಲಿ ಐದು ವರ್ಷ ಎಂದು ಮುದ್ರೆ ಒತ್ತಿತ್ತು. ಕಂಪನಿ ಅಷ್ಟು ದಿನ ಇಟ್ಟುಕೊಳ್ಳುವ ಲಕ್ಷಣ ಮಾತ್ರ ಕಾಣುತ್ತಿರಲಿಲ್ಲ. ಹೆಂಡತಿ ಮಧುಮತಿಗೆ ಇಲ್ಲಿ ಕೆಲಸ ಮಾಡುವ ಪರವಾನಗಿ ಇನ್ನೂ ಬಂದಿರಲಿಲ್ಲ. ಮಗಳು ಪವಿ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಜರ್ಮನ್‌ನಲ್ಲಿ ಉತ್ತರ ಕೊಡುತ್ತಿದ್ದಳು. ಈ ಎಲ್ಲದರ ನಡುವೆ ದುಂಡಪ್ಪನಿಗೊಂದು ಚಟ ಅಂಟಿಕೊಂಡಿತ್ತು. ಯಾರು ಏನು ಕೇಳಿದರೂ ಮಾತು ಬೇಗ ಮುಗಿಯಲಿ ಎಂದು ಹೂಂಗುಟ್ಟುವುದು. ಆದ ಅನಾಹುತಕ್ಕೆ ಅರ್ಧ ಕಾರಣ ಆ ಹೂಂ. ಇನ್ನರ್ಧ ಕಾರಣ ಬೀದರ್.

ಬಕೀಟು ಹಿಡಿದು ಮೇಲಿನ ಮಹಡಿಯಿಂದ ಒರೆಸುತ್ತ ನೆಲಮಹಡಿಗೆ ಬರುವ ಹೊತ್ತಿಗೆ ಮೀರ್ ಅಹ್ಮದ್ ಅಂಗಡಿಯ ಹಿಂಬಾಗಿಲಲ್ಲಿ ನಿಂತಿದ್ದ. ಕೆಳಗಿನ ಟೆಲಿಫೋನ್ ಅಂಗಡಿ ಅವನದು. ಒಳಗೆ ಸಾಲಾಗಿ ಗಾಜಿನ ಗೂಡುಗಳು, ಗೂಡಿಗೊಂದು ಫೋನು. ಘಾನಾದವರು, ವಿಯೆಟ್ನಾಮಿನವರು, ನಮ್ಮವರು, ಊರು ಬಿಟ್ಟು ಬಂದ ಎಲ್ಲರೂ ರಜೆಯ ದಿನ ಅಲ್ಲಿಗೆ ಬಂದು ತಂತಮ್ಮ ಭಾಷೆಯಲ್ಲಿ ಕೂಗಾಡಿ ಹೋಗುತ್ತಿದ್ದರು. ಮೀರ್ ಅಹ್ಮದ್ ಕಾಬೂಲಿನ ಉತ್ತರಕ್ಕಿರುವ ದ್ರಾಕ್ಷಿ ಬಯಲಿನ ಒಂದು ಹಳ್ಳಿಯವನು. ಯುದ್ಧಕ್ಕೆ ಹೆದರಿ ಪೇಶಾವರದ ಶಿಬಿರಕ್ಕೆ ಓಡಿ, ಅಲ್ಲಿಂದ ಹೇಗೆಹೇಗೋ ಇಲ್ಲಿಗೆ ಬಂದು ಮುಟ್ಟಿದ್ದ. ದುಂಡಪ್ಪನಿಗಿಂತ ಹತ್ತು ವರ್ಷವಾದರೂ ದೊಡ್ಡವನು.

ಇವರಿಬ್ಬರ ಗೆಳೆತನ ಕುದುರಿದ್ದೂ ಇದೇ ಮೆಟ್ಟಿಲ ಮೇಲೆ. ಮೊದಲ ಸಲ ಪಾಳಿ ಬಂದಾಗ ದುಂಡಪ್ಪ ಕಾಲುಜಾರಿ ಬಕೀಟು ಚೆಲ್ಲಿಕೊಂಡು, ತಾನು ಜರ್ಮನಿಯಲ್ಲಿದ್ದೇನೆ ಎಂಬುದನ್ನೂ ಮರೆತು ದಖನಿಯಲ್ಲಿ ಬೈದುಕೊಂಡಿದ್ದ. ಕೆಳಗಿನಿಂದ ಯಾರೋ ನಕ್ಕ ಸದ್ದು ಕೇಳಿತು. ಮೀರ್ ಅಹ್ಮದನದು ಶಿಬಿರದ ಶಾಲೆಯಲ್ಲಿ ಕಲಿತ, ಇಸ್ತ್ರಿ ಹಾಕಿದಂಥ ಉರ್ದು. ದುಂಡಪ್ಪನದು ಬೀದರಿನ ಓಣಿಯಲ್ಲಿ ಗೋಲಿ ಆಡುತ್ತ ಕಲಿತದ್ದು. ಅವನು ಬೇಡ ಎನ್ನಲು ‘ನಕ್ಕೋ’ ಎಂದರೆ ಮೀರ್ ಅಹ್ಮದ್ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಆಫೀಸಿನಲ್ಲಿ ಇಂಗ್ಲಿಷು, ಅಂಗಡಿಯಲ್ಲಿ ಜರ್ಮನ್, ಮನೆಯಲ್ಲಿ ಮಗಳ ಮುಂದೆ ಸೋಲುವ ಕನ್ನಡ. ಮೈ ಸಡಿಲ ಬಿಟ್ಟು ಮಾತಾಡಲು ದುಂಡಪ್ಪನಿಗೆ ಇಡೀ ದೇಶದಲ್ಲಿ ಸಿಕ್ಕವನು ಇವನೊಬ್ಬ ಅಫ್ಘಾನಿ. ಅವರು ಆಡಿದ ಮಾತೆಲ್ಲ ಉರ್ದುವಿನದು. ಇಲ್ಲಿ ಅದನ್ನು ಅವರವರ ಸ್ವಭಾವಕ್ಕೆ ತಕ್ಕಂತೆ ಕನ್ನಡಕ್ಕೆ ತಂದುಕೊಂಡದ್ದು.

“ದುಂಡಾ ಜಾನ್, ಬಕೀಟು ಇಡು. ಮೊದಲು ಚಹಾ ಕುಡಿ,” ಎಂದ ಮೀರ್ ಅಹ್ಮದ್. ಅವನ ಮುಖ ಎಂದಿಗಿಂತ ಬೆಳಗಿತ್ತು. “ನಾಳೆ ನಮ್ಮ ಊರಿನವರು ಕಲ್ಲಿಗೆ ಕೈಹಾಕುತ್ತಾರೆ.”

ಯಾವ ಕಲ್ಲು ಎಂದು ದುಂಡಪ್ಪ ಕೇಳಬೇಕಾಗಿರಲಿಲ್ಲ. ಆ ಹಳ್ಳಿಯ ಸುದ್ದಿ ಅವನಿಗೆ ಪ್ರತಿ ಭಾನುವಾರ ಸಿಗುತ್ತಿತ್ತು. ಊರಿಗೆಲ್ಲ ಒಂದೇ ಒಂದು ಸ್ಯಾಟಲೈಟ್ ಫೋನು. ನೆಲಬಾಂಬು ತೆಗೆಯುವವರ ಹತ್ತಿರ ಇದ್ದದ್ದು. ಭಾನುವಾರ ಮಧ್ಯಾಹ್ನ ಅದನ್ನು ಇಸಿದುಕೊಂಡು ಊರ ಹಿರಿಯರು ಮೀರ್ ಅಹ್ಮದನಿಗೆ ಫೋನು ಮಾಡುತ್ತಿದ್ದರು. ಯುದ್ಧ ಮುಗಿಯಿತು ಎಂದು ಟೀವಿಯವರು ಹೇಳಿಯಾಗಿತ್ತು. ಗುಡ್ಡದಾಚೆ ಗುಂಡಿನ ಸದ್ದು ಮಾತ್ರ ಅದನ್ನು ಕೇಳಿಸಿಕೊಂಡಿರಲಿಲ್ಲ. ಅಂಥದ್ದರಲ್ಲೇ ಜನ ಶಿಬಿರಗಳಿಂದ ವಾಪಸು ಬಂದರು. ಸರ್ಕಾರ ಎಂಬುದು ಕಾಬೂಲಿನಲ್ಲಿ ಇತ್ತಂತೆ, ಇವರ ಕಡೆ ಬಂದಿರಲಿಲ್ಲ. ಯಾರನ್ನೂ ಕಾಯದೆ ಇವರೇ ಮಣ್ಣು ಕಲಸಿ ಗೋಡೆ ಎಬ್ಬಿಸಿದರು. ಒಂದೊಂದು ಮನೆಗೂ ಇಡೀ ಊರು ಕೈಹಚ್ಚುವುದು, ಗಂಡಸರಿಲ್ಲದ ಮನೆಯನ್ನು ಎಲ್ಲಕ್ಕಿಂತ ಮೊದಲು ಕಟ್ಟುವುದು. ಅದಕ್ಕೆ ಅವರಲ್ಲಿ ಹಶರ್ ಎನ್ನುತ್ತಾರಂತೆ. ಅದನ್ನು ಕೇಳಿದಾಗ ದುಂಡಪ್ಪ, ನಮ್ಮಲ್ಲಿ ಇದನ್ನೇ ಮುಯ್ಯಾಳು ಅಂತೀವಿ, ಇವತ್ತು ನಾವು ನಿಮ್ಮ ಹೊಲಕ್ಕ ಬಂದ್ರ ನಾಳಿ ನೀವು ನಮ್ಮ ಹೊಲಕ್ಕ ಬರಬೇಕು ಎಂದಿದ್ದ. ಕಾಲುವೆಯ ಮೇಲಿನ ಸೇತುವೆ ಮುರಿದಿತ್ತು. ಸತ್ತುಬಿದ್ದಿದ್ದ ಟ್ಯಾಂಕಿನ ಉಕ್ಕಿನ ಪಟ್ಟಿ ಬಿಚ್ಚಿ ಅದಕ್ಕೂ ಹಾಸಿಕೊಂಡರು.

ಮನೆಯಾಯಿತು, ಸೇತುವೆಯಾಯಿತು. ನೀರು ಆಗಲಿಲ್ಲ. ಆ ಊರಿಗೆ ನೀರು ತರುತ್ತಿದ್ದದ್ದು ಗುಡ್ಡದ ಬುಡದಿಂದ ನೆಲದೊಳಗೇ ಹರಿದುಬರುವ ಒಂದು ಸುರಂಗ. ಅಜ್ಜಂದಿರ ಅಜ್ಜಂದಿರು ತೋಡಿದ್ದು. ಸುರಂಗದ ಉದ್ದಕ್ಕೂ ಮೇಲಿನಿಂದ ಇಳಿಯಲು ಬಾವಿಗಳ ಸಾಲು. ಯುದ್ಧದಲ್ಲಿ ಊರು ಖಾಲಿ ಮಾಡಿಸಿದ ಸೈನಿಕರು ಆ ಬಾವಿಗಳಿಗೆ ಮಣ್ಣು, ಕಲ್ಲು, ಸಿಡಿಮದ್ದು ತುಂಬಿ ಹೋದರು. ಇವರು ಸುರಂಗದ ಬಾಯಿಯಿಂದ ಶುರುಮಾಡಿ ಬುಟ್ಟಿಬುಟ್ಟಿ ಮಣ್ಣು ಹೊತ್ತು ಹೊರಗೆ ಹಾಕುತ್ತ, ವಸಂತದಿಂದ ಇಲ್ಲಿಯವರೆಗೆ ಒಳಗೊಳಗೆ ಸಾಗಿದ್ದರು. ಈಗ ಎದುರಿಗೆ ಸಿಕ್ಕಿದ್ದು ಅಡ್ಡಬಿದ್ದ ದೊಡ್ಡ ಕಲ್ಲುಗಳ ಗೋಡೆ. ಆ ಸುರಂಗಕ್ಕೆ ಅವರು ಹೇಳುವ ಹೆಸರು ಕಾರೇಜ್.

“ನಜೀಬನೇ ಒಳಗೆ ಹೋಗುತ್ತಾನೆ,” ಎಂದ ಮೀರ್ ಅಹ್ಮದ್. ನಜೀಬ ಅವನ ಕೊನೆಯ ತಮ್ಮ. ಉಳಿದ ತಮ್ಮಂದಿರು ಇರಲಿಲ್ಲ. “ಕೆಳಗಿನಿಂದ ಹೋಗಿ ಕಲ್ಲು ಎಳೆಯುತ್ತಾನೆ. ನಿನ್ನ ಅಜ್ಜ ಮಾಡಿದ ಹಾಗೇ.”

ದುಂಡಪ್ಪ ಚಹಾ ಕುಡಿಯುತ್ತಿದ್ದವನು ಲೋಟ ಕೆಳಗಿಟ್ಟ. “ನಮ್ ಮುತ್ಯಾ?”

“ಹೌದು. ನೀನೇ ಹೇಳಿದೆಯಲ್ಲ. ಮೇಲಿನ ಬಾವಿಯಿಂದ ತೆಗೆಯೋಣ ಎಂದು ನಮ್ಮೂರ ಹಿರಿಯ ಕಾಕಾ ಹಟ ಹಿಡಿದಿದ್ದ. ಕಲ್ಲಿನ ಹಿಂದೆ ನೀರು ತುಂಬಿ ನಿಂತಿದ್ದರೆ, ಕೆಳಗಿನಿಂದ ಎಳೆದವನ ಮೇಲೆ ನುಗ್ಗುತ್ತದೆ ಎಂದು ಅವನ ಹೆದರಿಕೆ. ಆದರೆ ಮೇಲಿನ ಬಾವಿಯ ಸುತ್ತ ನೆಲಬಾಂಬು ಇವೆ. ಅವನ್ನು ತೆಗೆಯಲು ಬರುವ ವಸಂತದವರೆಗೆ ಕಾಯಬೇಕು. ಇನ್ನೊಂದು ಚಳಿಗಾಲ ನೀರಿಲ್ಲ. ಹೀಗೆ ಜಗಳವಾಡುತ್ತಿದ್ದಾಗ ನಾನೇ ಹೇಳಿದೆ. ಹಿಂದೂಸ್ಥಾನದಲ್ಲಿ ನನ್ನ ಗೆಳೆಯನ ಊರಿನಲ್ಲಿ ಇನ್ನೂ ಕಾರೇಜ್ ಇಳಿಯುವವರಿದ್ದಾರೆ, ಅವನ ಅಜ್ಜ ಪರಸೋ ತಾನೇ ಬಾಯಿಯಿಂದ ಒಳಹೊಕ್ಕು, ಕೆಲಸ ಮುಗಿಸಿ, ಉರಿಯುವ ದೀಪ ಹಿಡಿದು ಹೊರಬಂದ ಎಂದು. ಆ ಮಾತಿನ ಮೇಲೆ ಊರು ಒಪ್ಪಿತು.”

ಪರಸೋ ಎಂದರೆ ಉರ್ದುವಿನಲ್ಲಿ ಮೊನ್ನೆ. ನಿನ್ನೆಯ ಹಿಂದಿನ ದಿನ. ಮುಂದಕ್ಕೆ ಎಣಿಸಿದರೆ ನಾಡಿದ್ದು ಎಂದೂ ಆಗುತ್ತದೆ. ಇಷ್ಟು ಉರ್ದು ಬಲ್ಲವರಿಗೆಲ್ಲ ಗೊತ್ತು. ಬೀದರಿನವರಿಗೆ ಮಾತ್ರ ಗೊತ್ತಿಲ್ಲ. ಬೀದರಿನಲ್ಲಿ ಪರಸೋ ಎಂದರೆ ಹಿಂದೆ ಯಾವಾಗಲೋ ಒಮ್ಮೆ. ಕಳೆದ ವಾರ ಮಾಡಿಸಿದ ಕಟಿಂಗೂ ಪರಸೋ, ಆದ ಮದುವೆಯೂ ಪರಸೋ, ಬಹಮನಿ ಸುಲ್ತಾನರು ಕೋಟೆ ಕಟ್ಟಿದ್ದೂ ಪರಸೋ. ಅಲ್ಲಿಯ ಕಾಲವೇ ಹಾಗೆ, ಸತ್ತವರನ್ನೂ ಪಕ್ಕದ ಓಣಿಗೆ ಹೋದವರಂತೆ ಹತ್ತಿರ ಇಟ್ಟುಕೊಂಡಿರುತ್ತದೆ.

ದುಂಡಪ್ಪನಿಗೆ ನೆನಪಾಯಿತು. ವಸಂತದಲ್ಲಿ, ಇದೇ ಮೆಟ್ಟಿಲ ಬುಡದಲ್ಲಿ, ಆಫೀಸಿನಿಂದ ಸುಸ್ತಾಗಿ ಬಂದು ನಿಂತಿದ್ದಾಗ ಮೀರ್ ಅಹ್ಮದ್ ಕಾರೇಜ್ ಎಂದಿದ್ದ. ಆ ಪದ ಕಿವಿಗೆ ಬಿದ್ದದ್ದೇ ಇವನಿಗೆ ಎಲ್ಲಿಲ್ಲದ ಖುಷಿ. ಬೀದರಿನ ಸೀಮೆಯಲ್ಲೂ ಇಂಥ ಸುರಂಗಗಳಿವೆ. ಸಾಬರು ಕರೇಜ್ ಎನ್ನುತ್ತಾರೆ, ಉಳಿದವರು ಸುರಂಗ ಬಾವಿ ಎನ್ನುತ್ತಾರೆ. ಇವನ ಹಳ್ಳಿಯಲ್ಲೂ ಒಂದಿತ್ತು. ‘ಪರಸೋಂಚ್ ಹಮಾರೆ ದಾದಾ ಉತ್ರೆ ನಾ ಉಸ್‌ಮೇಂ’ ಎಂದುಬಿಟ್ಟಿದ್ದ. ಮೊನ್ನೆಯಷ್ಟೇ ನಮ್ಮ ಅಜ್ಜ ಅದರಲ್ಲಿ ಇಳಿದಿದ್ದ, ಉರಿಯುವ ದೀಪ ಹಿಡಿದೇ ಹೊರಬಂದ ಎಂದು. ಮೀರ್ ಅಹ್ಮದ್ ಕಣ್ಣರಳಿಸಿ, ಕೆಳಗಿನಿಂದಲೋ ಮೇಲಿನಿಂದಲೋ, ಸ್ವಚ್ಛ ಮಾಡಲೋ, ಈಗ ನೀರು ಬರುತ್ತದೆಯೋ ಎಂದು ಕೇಳುತ್ತ ಹೋದ. ಇವನಿಗೆ ಮನೆಗೆ ಹೋಗಿ ಬೂಟು ಬಿಚ್ಚಿದರೆ ಸಾಕಾಗಿತ್ತು. ಹೂಂ, ಹೂಂ, ಹೂಂ ಎಂದು ಮೆಟ್ಟಿಲು ಹತ್ತಿದ್ದ.

ಅಜ್ಜ ತೀರಿಕೊಂಡಾಗ ದುಂಡಪ್ಪ ಇನ್ನೂ ತೊಟ್ಟಿಲಲ್ಲಿದ್ದ.

“ನಾಳೆ ಕಾಕಾ ನಿನ್ನ ಜೊತೆ ಮಾತಾಡಬೇಕಂತೆ,” ಎಂದ ಮೀರ್ ಅಹ್ಮದ್. ಊರಿನ ನೀರಿನ ಪಾಳಿ ನೋಡಿಕೊಳ್ಳುವವನು ಈ ಕಾಕಾ. “ನಿನ್ನ ಅಜ್ಜ ಕಲ್ಲನ್ನು ಯಾವ ಕಡೆಯಿಂದ ಎಳೆದ ಎಂದು ಕೇಳಿ ಇಟ್ಟುಕೋ. ಆರೋಗ್ಯವಾಗಿದ್ದಾರಲ್ಲ?”

“ಹೂಂ,” ಎಂದ ದುಂಡಪ್ಪ. ಅಂದ ಮೇಲೆ ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಉಳಿದ ಮೆಟ್ಟಿಲನ್ನು ಹೇಗೆ ಒರೆಸಿದನೋ ಅವನಿಗೇ ತಿಳಿಯಲಿಲ್ಲ. ಫ್ರೌ ಹೆಲ್ವಿಗ್ ಬಾಗಿಲು ಸಂದಿಯಿಂದ ನೋಡಿ, ಮೂಲೆಯಲ್ಲಿ ಧೂಳು ಉಳಿದಿದೆ ಎಂದು ಬೆರಳು ತೋರಿಸಿದಳು. ಅದಕ್ಕೂ ಹೂಂ ಎಂದ.

ಮಧ್ಯಾಹ್ನ ಅವನು ಮತ್ತೆ ಅಂಗಡಿಗಿಳಿದು ಗಾಜಿನ ಗೂಡು ಹೊಕ್ಕ. ಅಜ್ಜನ ಕತೆಯಲ್ಲಿ ನಿಜ ಎಷ್ಟು ಎಂದಾದರೂ ತಿಳಿಯಬೇಕಿತ್ತು. ಅಜ್ಜ ನಿಜಕ್ಕೂ ಸುರಂಗ ಸ್ವಚ್ಛ ಮಾಡಿದ್ದರೆ, ಅದು ಯಾವ ಕಾಲದ್ದಾದರೇನು, ವಿದ್ಯೆ ವಿದ್ಯೆಯೇ ಎಂದು ಮನಸ್ಸು ಒಂದು ಸಣ್ಣ ಆಸೆ ಹಿಡಿದಿತ್ತು. ದೊಡ್ಡಪ್ಪನ ಮಗಳು ಬಸಕ್ಕ ಊರಿನಲ್ಲಿ ಪಂಚಾಯತಿ ಸದಸ್ಯೆ. ಅವಳಿಗೆ ಗೊತ್ತಿಲ್ಲದ ಊರ ಸಂಗತಿ ಇರಲಿಲ್ಲ. ಫೋನು ಹೊಡೆದುಕೊಂಡಿತು.

“ಯಾರು, ದುಂಡ್ಯಾ ಏನೋ? ಇವತ್ತ್ಯಾಕ ನೆನಪಾಯ್ತು ತಮ್ಮಾ, ಅರಾಮ್ ಇದ್ದಿ ಇಲ್ಲ?”

“ಅರಾಮ್ ಇದ್ದೀನಕ್ಕಾ. ಒಂದು ಮಾತ್ ಕೇಳಾದಿತ್ತು. ಮುತ್ಯಾ ಸುರಂಗ ಬಾವ್ಯಾಗ ಇಳ್ದಿದ್ನಲ್ಲ, ದೀಪ ಹಿಡ್ಕೊಂಡು. ಅದನ್ನ ಹ್ಯಾಂಗ ಸಾಫ್ ಮಾಡ್ದ ಅಂತ ನಿಂಗೇನರ ಗೊತ್ತದ?”

“ಸಾಫ್ ಮಾಡ್ದಾ ಅಂತ ನಿಂಗ್ಯಾರ್ ಹೇಳ್ಯಾರ?”

“ಮನ್ಯಾಗ ಎಲ್ಲಾರೂ ಹೇಳ್ತಿದ್ರಲ್ಲ. ಮುಂಜಾನಿ ಒಳಗ ಹೋದಂವ ಸಂಜಿಕ ದೀಪ ಆರಲಾರ್ದಂಗ ಹೊರಗ ಬಂದ ಅಂತ.”

“ಬಂದ, ಖರೆ. ಸಾಫ್ ಮಾಡ್ಲಕ ಹೋಗಿದ್ದಿಲ್ಲೋ ಅಂವ. ಮುಚ್ಚಲಕ ಹೋಗಿದ್ದ.”

ದುಂಡಪ್ಪ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡ.

“ಎಮ್ಮಿ ಒಂದು ಅದ್ರಾಗ ಬಿದ್ದು ಸತ್ತಿತ್ತು. ನೀರು ನಾತ ಹೊಡೀಲಕತ್ತು. ಊರಾಗ ವಾಂತಿ-ಭೇದಿ ಎದ್ದು ಮಂದಿ ಸಾಯ್ಲಕತ್ರು. ಮುಚ್ಚಿಬಿಡ್ರಿ ಅಂತ ಗೌಡ ಹೇಳ್ದ. ಯಾರೂ ಇಳೀಲಕ ತಯಾರಿಲ್ಲ. ನಮ್ ಮುತ್ಯಾ ಇಳ್ದ. ಒಳಗ ಕಲ್ಲಿನ ಗ್ವಾಡಿ ಕಟ್ಟಿ ಬಂದ. ಅಷ್ಟೇ ನೋಡು. ಆಮ್ಯಾಲ ಅದನ್ನ ಬಿಚ್ಚಬೇಕು ಅಂತ ಯಾರ್ಗೂ ಅನಸ್ಲಿಲ್ಲ.”

“ಈಗ ಹ್ಯಾಂಗದ?”

“ಈಗೇನು, ಕಸ ಚೆಲ್ತಾರ. ಪ್ಲಾಸ್ಟಿಕ್ ತುಂಬ್ಯದ. ಬ್ಯಾಸಿಗಿ ಬಂತಂದ್ರ ಟ್ಯಾಂಕರ್ ತರಿಸ್ತೀವಿ. ನಾನೂ ಚೆಲ್ತೀನಿ ಮತ್ತ, ನಿನ್ ಮುಂದ ಯಾಕ ಸುಳ್ಳು ಹೇಳ್ಲಿ. ಅದಿರ್ಲಿ, ಅಲ್ಲಿ ಕುಂತು ನಿಂಗ ಸುರಂಗ ಬಾವಿ ಯಾಕ ಬೇಕಾತು?”

ಗಾಜಿನಾಚೆ ಗಲ್ಲಾದಲ್ಲಿ ಕೂತಿದ್ದ ಮೀರ್ ಅಹ್ಮದ್ ಇವನನ್ನೇ ನೋಡುತ್ತಿದ್ದ. ಕನ್ನಡ ಅವನಿಗೆ ಒಂದಕ್ಷರ ತಿಳಿಯದು. ತನ್ನ ಊರಿಗಾಗಿ ಗೆಳೆಯ ಅಜ್ಜನನ್ನು ವಿಚಾರಿಸುತ್ತಿದ್ದಾನೆ ಎಂದುಕೊಂಡು ಎದೆಯ ಮೇಲೆ ಕೈಯಿಟ್ಟು ತಲೆಬಾಗಿದ. ದುಂಡಪ್ಪ ನೋಟ ಬೇರೆಡೆ ತಿರುಗಿಸಿದ. ಬಸಕ್ಕನಿಗೆ ಏನೋ ಒಂದು ಹೇಳಿ ಫೋನಿಟ್ಟ.

ಹೊರಬರುತ್ತಲೇ ಹೇಳಿಬಿಡಬೇಕು ಎಂದುಕೊಂಡೇ ಗೂಡಿನ ಬಾಗಿಲು ತೆರೆದದ್ದು. ಆದರೆ ಘಾನಾದ ಹೆಂಗಸರು ಗುಂಪಾಗಿ ಒಳಬಂದರು, ಯಾರದೋ ಲೈನು ಕಡಿಯಿತು, ಮೀರ್ ಅಹ್ಮದ್ ಆ ಕಡೆ ಓಡಿದ. ಓಡುತ್ತಲೇ, “ಅಜ್ಜನಿಗೆ ನನ್ನ ಸಲಾಂ ಹೇಳಿದೆಯಾ?” ಎಂದ. ದುಂಡಪ್ಪ ಮೇಲೆ ಹತ್ತಿ ಬಂದುಬಿಟ್ಟ. ಗಟ್ಟಿ ಮನುಷ್ಯನಾಗಿದ್ದರೆ ನಿಂತು ಹೇಳುತ್ತಿದ್ದ. ಇವನು ಗಟ್ಟಿ ಮನುಷ್ಯನಲ್ಲ, ದಣಿದ ಮನುಷ್ಯ.

ಮಧುಮತಿ ರೊಟ್ಟಿ ತಟ್ಟುತ್ತಿದ್ದಳು. ಅವನ ಮುಖ ನೋಡಿದವಳೇ ಕೈ ತೊಳೆದುಕೊಂಡು ಬಂದು ಎದುರಿಗೆ ಕೂತಳು. ಅವನು ಎಲ್ಲ ಹೇಳಿಕೊಂಡ. ಕೊನೆಗೆ, “ಹೇಳಿದ್ರ ಆ ಮಂದಿ ಇನ್ನೊಂದು ವರ್ಷ ನೀರಿಲ್ಲದ ಕೂಡ್ತಾರ. ಹೇಳ್ಲಿಲ್ಲಂದ್ರ ಏನೂ ಆಗಲಾರ್ದೂ ಇರ್ಬಹುದು. ಕಲ್ಲಿನ ಹಿಂದ ನೀರೇ ಇರ್ಲಿಕ್ಕಿಲ್ಲ,” ಎಂದ.

“ಇದ್ರ?” ಎಂದಳು ಮಧುಮತಿ.

ಅವನು ಪವಿಯ ಬಣ್ಣದ ಪೆನ್ಸಿಲೊಂದನ್ನು ಎತ್ತಿ ಮತ್ತೆ ಕೆಳಗಿಟ್ಟ.

“ಬ್ರೇಕ್ ಹಿಡೀಲಿಲ್ಲಂದ್ರೂ ಹಿಡೀತು ಅಂತ ಆಫೀಸ್ನಾಗ ಬರೀತೀರೇನು ನೀವು? ಹೋಗಿ ಹೇಳ್ರಿ. ಬೈಸ್ಕೊಂಡು ಬರ್ರಿ. ಬೈಸ್ಕೊಂಡ್ರ ಏನ್ ಸವೀತದ.”

ಪವಿ ಚಿತ್ರಕ್ಕೆ ಬಣ್ಣ ತುಂಬುತ್ತಿದ್ದವಳು ತಲೆಯೆತ್ತಿ, “ವಿಸೋ?” ಎಂದಳು. ಯಾಕೆ ಎಂದು.

“ಯಾಕಂದ್ರ ನಿಮ್ಮಪ್ಪ ಬೀದರಿನಂವ,” ಎಂದು ಮಧುಮತಿ ಮತ್ತೆ ರೊಟ್ಟಿಗೆ ಎದ್ದಳು. ಅವಳು ಧಾರವಾಡದವಳು. ಆ ಹೆಮ್ಮೆಯನ್ನು ಜರ್ಮನಿಗೂ ಹೊತ್ತುಕೊಂಡೇ ಬಂದಿದ್ದಳು.

ಭಾನುವಾರ ಮಧ್ಯಾಹ್ನ ಮಂಜು ಕವಿದು ಬೀದಿಯ ಟ್ರಾಮು ಕಾಣಿಸುತ್ತಿರಲಿಲ್ಲ, ಗಂಟೆ ಮಾತ್ರ ಕೇಳಿಸುತ್ತಿತ್ತು. ದುಂಡಪ್ಪ ಬೇಗ ಇಳಿದು ಬಂದಿದ್ದ, ಫೋನು ಬರುವ ಮೊದಲೇ ಹೇಳಿ ಮುಗಿಸಲು. ಆದರೆ ಅವನು ಬಾಗಿಲು ನೂಕುವಾಗಲೇ ಮೀರ್ ಅಹ್ಮದ್ ರಿಸೀವರ್ ಹಿಡಿದು ಕೈಬೀಸಿ ಕರೆಯುತ್ತಿದ್ದ. ಆ ಕಡೆಯವರು ಇವತ್ತು ಮೊದಲೇ ಮಾಡಿದ್ದರು. ನಜೀಬ ಸುರಂಗದ ಬಾಯಲ್ಲಿ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ನಿಂತಿದ್ದಾನೆ, ಕಾಕಾ ಎರಡು ಮಾತು ಕೇಳಿ ಅವನನ್ನು ಕಳಿಸುತ್ತಾನೆ ಎಂದು ಮೀರ್ ಅಹ್ಮದ್ ಅವಸರವಾಗಿ ಹೇಳಿದ. ಫೋನಿನ ಸ್ಪೀಕರು ಹಾಕಿ ನಡುವೆ ಇಟ್ಟ. ಗೊರಗೊರ ಸದ್ದಿನೊಳಗಿಂದ ಒಬ್ಬ ಮುದುಕ, ಕಾಕಾನೇ ಇರಬೇಕು, ತಮ್ಮ ದರಿ ಭಾಷೆಯಲ್ಲಿ ಏನೋ ಕೇಳಿದ.

“ನಿನ್ನ ಅಜ್ಜ ಮೊದಲ ಕಲ್ಲನ್ನು ಮೇಲಿನಿಂದ ತೆಗೆದನೋ, ಬುಡದಿಂದಲೋ ಎಂದು ಕೇಳುತ್ತಿದ್ದಾನೆ,” ಎಂದ ಮೀರ್ ಅಹ್ಮದ್.

“ಮೀರ್ ಸಾಬ್, ನಜೀಬ್‌ಗ ನಿಲ್ಲಂತ ಹೇಳ್ರಿ,” ಎಂದ ದುಂಡಪ್ಪ. “ಒಳಗ ಹೋಗೋದು ಬ್ಯಾಡ.”

“ಯಾಕೆ?”

“ನಮ್ ಮುತ್ಯಾ ಕಲ್ಲು ತಗದಿಲ್ಲ. ಕಲ್ಲು ಇಟ್ಟು ಬಂದಂವ. ನಮ್ಮೂರ ಸುರಂಗ ಮುಚ್ಚಿದ್ದೇ ಅಂವ. ಅಂವ ಸತ್ತಾಗ ನಾ ತೊಟ್ಟಿಲದಾಗ ಇದ್ದೆ. ನಮ್ಮಲ್ಲಿ ಯಾರೂ ಸಾಫ್ ಮಾಡಿಲ್ಲ, ನೀರೂ ಬಂದಿಲ್ಲ. ನಾ ನಿಮ್ಗ ಸುಮ್ನ ಹೂಂ ಅಂದೆ.”

ಮೀರ್ ಅಹ್ಮದ್ ಅವನನ್ನೇ ನೋಡಿದ. “ಪರಸೋ ಎಂದೆಯಲ್ಲ.”

“ನಮ್ಮಲ್ಲಿ ಪರಸೋ ಅಂದ್ರ ಎಂದೋ ಒಂದಿನ ಅಂತ. ನಿಮ್ ಪರಸೋ ಅಲ್ಲ.”

ಸ್ಪೀಕರಿನಲ್ಲಿ ಮುದುಕ ಇನ್ನೊಮ್ಮೆ ಕೇಳಿದ. ಮೀರ್ ಅಹ್ಮದ್ ಫೋನನ್ನು ತನ್ನ ಕಡೆ ಎಳೆದುಕೊಂಡ. ಊರಿಗೆಲ್ಲ ಹಿಂದೂಸ್ಥಾನದ ಅಜ್ಜನ ಕತೆ ಹೇಳಿ ಒಪ್ಪಿಸಿದವನು ಅವನು. ಈಗ ಅದೆಲ್ಲ ಇಲ್ಲ ಎಂದು ಹೇಳಬೇಕಾದವನೂ ಅವನೇ. ಇಬ್ಬರ ಭಾಷೆಯೂ ಬಲ್ಲವನು ಅಲ್ಲಿ ಬೇರೆ ಯಾರೂ ಇರಲಿಲ್ಲ. ಅವನು ಬೇರೇನಾದರೂ ಹೇಳಿಬಿಟ್ಟರೆ ದುಂಡಪ್ಪನಿಗೆ ತಿಳಿಯುವಂತೆಯೂ ಇರಲಿಲ್ಲ. ಕಳಿಸು, ಬುಡದ ಕಲ್ಲು ತೆಗೆಯಲಿ ಎಂದರೂ ಅದು ದರಿಯಲ್ಲಿ ನಾಲ್ಕು ಮಾತಾಗಿ ಹೋಗಿಬಿಡುತ್ತಿತ್ತು. ಗೂಡೊಂದರಲ್ಲಿ ಯಾರೋ ಮಗುವಿನೊಂದಿಗೆ ಮಾತಾಡುತ್ತ ನಗುತ್ತಿದ್ದರು.

ಮೀರ್ ಅಹ್ಮದ್ ಕೊನೆಗೆ ಬಾಯಿ ತೆರೆದ. ಮೆಲ್ಲಗೆ, ತಲೆತಗ್ಗಿಸಿ ಹೇಳುತ್ತ ಹೋದ. ಆ ಮಾತಿನ ನಡುವೆ ‘ಪರೀರೋಜ್’ ಎಂಬ ಪದ ಬಂತು. ಮೊನ್ನೆಗೆ ಅವರ ಭಾಷೆಯಲ್ಲಿ ಪರೀರೋಜ್ ಎನ್ನುತ್ತಾರೆಂದು ಹಿಂದೊಮ್ಮೆ ಅವನೇ ಹೇಳಿಕೊಟ್ಟಿದ್ದ. ಪರೀರೋಜ್ ನೇ, ಎಂದ. ಮೊನ್ನೆ ಅಲ್ಲ. ಇನ್ನೊಮ್ಮೆ ಹೇಳಿದ, ಪರೀರೋಜ್ ನೇ. ಅವನು ಎಲ್ಲವನ್ನೂ ಇದ್ದದ್ದು ಇದ್ದಂತೆ ಹೇಳಿಬಿಟ್ಟಿದ್ದಾನೆ ಎಂದು ದುಂಡಪ್ಪನಿಗೆ ಗೊತ್ತಾಯಿತು.

ಆ ಕಡೆ ಗೊರಗೊರ ಸದ್ದಿನಾಚೆ ದೂರದಲ್ಲಿ ಗಂಡಸರ ಗದ್ದಲ, ಒಬ್ಬ ಎಳೆಯ ದನಿಯವನ ಸಿಟ್ಟಿನ ಕೂಗು. ನಜೀಬನೇ ಇರಬೇಕು. ಮುದುಕ ಯಾರಿಗೋ ಗದರಿದ. ಮತ್ತೆ ಫೋನಿಗೆ ಬಂದು ಚುಟುಕಾಗಿ ಹೇಳಿದ್ದನ್ನು ಮೀರ್ ಅಹ್ಮದ್ ಇವನ ಕಡೆ ನೋಡದೆ ಉರ್ದುವಿಗೆ ತಂದ. “ಹಗ್ಗ ಬಿಚ್ಚಿಸಿದ. ಮೇಲಿನ ಬಾವಿಯಿಂದಲೇ ತೆಗೆಯುತ್ತಾರಂತೆ. ವಸಂತದಲ್ಲಿ.”

ವಸಂತ ಎಂದರೆ ಇನ್ನೊಂದು ಚಳಿಗಾಲ ಕಳೆಯಬೇಕು. ಹೆಂಗಸರು ಕತ್ತೆಯ ಮೇಲೆ ಡಬ್ಬಿ ಹೇರಿಕೊಂಡು, ಬಿಳಿ ಬಣ್ಣ ಬಳಿದ ಕಲ್ಲುಗಳ ನಡುವಿನ ಕಾಲುದಾರಿ ಬಿಟ್ಟು ಆಚೀಚೆ ಹೆಜ್ಜೆಯಿಡದೆ ನದಿಗೆ ಹೋಗಿಬರುತ್ತಲೇ ಇರಬೇಕು. ನೆಟ್ಟ ದ್ರಾಕ್ಷಿ ಬಳ್ಳಿ ಈ ವರ್ಷವೂ ಉಳಿಯುವುದಿಲ್ಲ. ಇದೆಲ್ಲ ದುಂಡಪ್ಪನಿಗೆ ಗೊತ್ತಿತ್ತು, ಭಾನುವಾರ ಭಾನುವಾರ ಕೇಳಿ ಬಾಯಿಪಾಠವಾಗಿತ್ತು. ಅವನಿಗೆ ಅಳು ಬಂತು. ಅಳಲಿಲ್ಲ.

“ನಂದ ತಪ್ಪಾತು ಅಂತ ಹೇಳ್ರಿ ಅವರಿಗೆ,” ಎಂದ.

“ನನ್ನದೂ,” ಎಂದ ಮೀರ್ ಅಹ್ಮದ್. “ನಿನ್ನ ಹೂಂ ಎಷ್ಟು ಗಟ್ಟಿ ಎಂದು ನೋಡಬೇಕಿತ್ತು. ನೋಡಲಿಲ್ಲ. ನನಗೂ ಅದೇ ಬೇಕಾಗಿತ್ತು. ಎಲ್ಲೋ ಒಂದು ಊರಿನಲ್ಲಿ ನೀರು ಬಂತು ಎಂದು ಕೇಳಬೇಕಾಗಿತ್ತು.”

ಅವನು ದರಿಯಲ್ಲಿ ಏನೋ ಹೇಳಿದ. ಮುದುಕ ಕೇಳಿಸಿಕೊಂಡು, ಬೈಯಲಿಲ್ಲ. ತಪ್ಪಿನ ಮಾತನ್ನೂ ಎತ್ತಲಿಲ್ಲ. ಬೇರೆ ಏನನ್ನೋ ವಿಚಾರಿಸಿದ. ಮೀರ್ ಅಹ್ಮದನ ಹುಬ್ಬು ಮೇಲೇರಿತು.

“ಏನಂತಾನ?”

“ನಿಮ್ಮ ಊರಿನದು ಎಷ್ಟು ಉದ್ದ ಎಂದು ಕೇಳುತ್ತಿದ್ದಾನೆ.”

“ಯಾರ್ ಅಳದಾರ, ಗೊತ್ತಿಲ್ಲ. ಯಾಕಂತ?”

“ಬಾವಿಗಳಲ್ಲಿ ಏನು ತುಂಬಿದೆ ಎಂದೂ ಕೇಳುತ್ತಿದ್ದಾನೆ. ಬಾಂಬು ಇದೆಯೋ?”

“ಬಾಂಬ್ ಎಲ್ಲಿಂದ್ ಬರ್ತದ್ರಿ. ನಮ್ಮಲ್ಲಿ ಯುದ್ಧ ಆಗಿಲ್ಲ,” ಎಂದ ದುಂಡಪ್ಪ. ಉಳಿದದ್ದನ್ನು ಹೇಳಲು ನಾಚಿಕೆಯಾಯಿತು. “ಕಸ ಅದ. ಪ್ಲಾಸ್ಟಿಕ್. ನಾವೇ ಚೆಲ್ಲಿದ್ದು.”

ಮೀರ್ ಅಹ್ಮದ್ ಅದನ್ನು ದರಿಗೆ ತಂದ. ಆ ಕಡೆ ಮುದುಕ ಪಕ್ಕದವರಿಗೆ ಹೇಳಿದ, ಅವರು ಇನ್ನೊಬ್ಬರಿಗೆ ಹೇಳಿದರು. ಯಾರೋ ನಕ್ಕರು. ಅದು ಕುಹಕದ ನಗುವಲ್ಲ, ಬಹಳ ದಿನ ಮಣ್ಣು ಹೊತ್ತವರು ಬುಟ್ಟಿ ಕೆಳಗಿಟ್ಟಾಗ ನಗುವ ಹಾಗಿತ್ತು. ಮುದುಕ ದನಿ ಎತ್ತರಿಸಿ ಒಂದೇ ಉಸಿರಿಗೆ ಏನೇನೋ ಹೇಳಿದ. ಅದರಲ್ಲಿ ಹಶರ್ ಎಂಬ ಪದ ಎರಡು ಸಲ ಕೇಳಿಸಿತು. ಲೈನು ಕಡಿಯಿತು.

ಮೀರ್ ಅಹ್ಮದ್ ರಿಸೀವರನ್ನು ಜಾಗಕ್ಕಿಟ್ಟು, ಕಣ್ಣೊರೆಸಿಕೊಂಡು, ಗಲ್ಲಾದ ಮೇಲಿನ ಧೂಳನ್ನೂ ಅದೇ ಕೈಯಲ್ಲಿ ಒರೆಸಿದ.

“ಏನಂದ್ರು?” ಎಂದ ದುಂಡಪ್ಪ.

“ಬರೀ ಕಸವಾದರೆ ಸುಲಭವಂತೆ. ನಮ್ಮದು ಮುಗಿಯಲಿ, ಹಶರ್‌ಗೆ ಬಂದು ನಿಮ್ಮದನ್ನೂ ತೋಡಿಕೊಟ್ಟು ಹೋಗುತ್ತೇವೆ ಎಂದ. ಇಲ್ಲಿಯವರೆಗೆ ತೋಡಿ ಕೈ ಪಳಗಿದೆ, ಸುಮ್ಮನೆ ಕೂರುವುದು ಯಾಕೆ ಎಂದ.”

ಮನೆ ಕಳೆದುಕೊಂಡು ಮತ್ತೆ ಕಟ್ಟಿಕೊಂಡವರು, ನೀರಿಲ್ಲದವರು, ಹೊಲದಲ್ಲಿ ಕಾಲಿಡಲು ಹೆದರುವವರು, ತಾನು ಹುಸಿ ಮಾತಾಡಿ ಕೆಡಿಸಿದವರು. ಅವರು ತನ್ನ ಊರಿಗೆ ಆಳಾಗಿ ಬರುತ್ತಾರಂತೆ. ದುಂಡಪ್ಪನಿಗೆ ಮುಯ್ಯಾಳಿನ ಲೆಕ್ಕವೇ ತಿಳಿಯದಾಯಿತು. ಇಲ್ಲಿ ಯಾರು ಯಾರ ಹೊಲಕ್ಕೆ ಏನು ಮಾಡಿದ್ದರು? ಇವನು ಅವರಿಗೆ ಮಾಡಿಕೊಟ್ಟದ್ದು ಒಂದು ವರ್ಷದ ಬರ.

“ಯಾವಾಗ ಬರ್ತಾರಂತ?” ಎಂದ.

ಮೀರ್ ಅಹ್ಮದ್ ಅವನನ್ನು ದಿಟ್ಟಿಸಿ ನೋಡಿದ. ಆ ನೋಟದಲ್ಲಿ ಸಿಟ್ಟು ಇನ್ನೂ ಪೂರಾ ಇಳಿದಿರಲಿಲ್ಲ.

“ಪರಸೋ,” ಎಂದ. “ನಿಮ್ಮ ಬೀದರಿನ ಪರಸೋ.”